ಖಂಡೇಪೂಜೆಗೆ ಕುಳಿತ ಕತ್ತಿಗಳು

ನಾನು ಸದಸ್ಯನಾಗಿದ್ದ ಶಹಾಬಾದಿನ ಕತ್ತಿವರಸೆ ಸಂಘಕ್ಕೆ ಪಂಚವಾರ್ಷಿಕ ಯೋಜನೆಯಿತ್ತು, ಉಪಸಮಿತಿಗಳಿದ್ದವು. ಆಟಗಾರ ಮಾತ್ರ ಒಬ್ಬನೇ, ವಾಡಿ ರೈಲ್ವೆಯ ಗುಮಾಸ್ತ. ಬೆಂಗಳೂರಿನ ಪಂದ್ಯಕ್ಕೆಂದು ಹೇಗೋ ರಜೆ ಗಿಟ್ಟಿಸಿ, ಹೊರಡುವ ದಿನ ಸಂಘದ ಕತ್ತಿ ಕೇಳಲು ಬಂದ. ಅಂದು ಖಂಡೇಪೂಜೆ, ದಸರೆಯ ಆಯುಧಪೂಜೆ. ನಮ್ಮ ಘನ ಕಾರ್ಯಕಾರಿಣಿಯು ಇದ್ದ ಎರಡು ಕತ್ತಿಗಳಿಗೂ ಕುಂಕುಮ ಹಚ್ಚಿ ಪೂಜೆಗೆ ಕೂರಿಸಿಬಿಟ್ಟಿತ್ತು.

“ಗಾಡಿ ಟೈಮ್ ಆಗ್ಯಾದ್ರಿ ಸಾಹೇಬ್ರ, ಒಂದಾರ ಕೊಡ್ರಿ.”

“ನಾಳಿ ಬನ್ನಿ ಮುಡಿಯೋತನಕ ಎಬ್ಬಸಬಾರದು ತಮ್ಮಾ,” ಎಂದರು ಅಧ್ಯಕ್ಷರು. “ನೀ ಹೋಗು. ಅಲ್ಲೇ ಯಾರಾರ ಕೊಡ್ತಾರ.”

“ನನ್ನ ಎದುರಿಗಿ ನಿಂತಾವ ಕೊಡ್ತಾನೇನ್ರಿ?”

ಗಾಡಿ ಹೋಯಿತು, ಅವನು ಉಳಿದ. ಮರುದಿನ ಅಧ್ಯಕ್ಷರು ದಸರೆಯ ಬಂಗಾರವೆಂದು ಬನ್ನಿ ಎಲೆ ಕೊಟ್ಟು, “ಬಂಗಾರದಂಗ ಇರೂಣು,” ಎಂದರು. ಅವನು ಎಲೆಯನ್ನು ಮೇಜಿನ ಮೇಲಿಟ್ಟು, ಇನ್ನು ಬರುವುದಿಲ್ಲವೆಂದು ಹೇಳಿ ಹೊರಟುಹೋದ. ಆಟಗಾರರ ಕಾಟ ತಪ್ಪಿದ ಸಂಘ ಅಂದಿನಿಂದ ನಿರಾತಂಕವಾಗಿ ಪ್ರಗತಿ ಹೊಂದಿತು.