ಹೊರಬೀಡಿಗೆ ಹೊರಟ ರೇಷ್ಮೆಹುಳು

ಮುಳಬಾಗಿಲಿನಿಂದ ಆಂಧ್ರದ ಕಡೆ ಹೋಗುವ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ನಮ್ಮೂರು. ಊರು ಅನ್ನುವುದೂ ಹೆಚ್ಚೇ. ಒಂದೇ ಬೀದಿ, ಎರಡು ಬದಿಗೆ ಸಣ್ಣ ಮನೆಗಳು, ಮನೆಗಿಂತ ದೊಡ್ಡ ಜಂಬ. ಆ ಜಂಬಕ್ಕೆ ಕಾರಣ ಹೊರಬೀಡು. ವರ್ಷಕ್ಕೊಂದು ದಿನ ಹೊತ್ತು ಹುಟ್ಟುವ ಮೊದಲೇ ಜನ, ದನ, ಕೋಳಿ, ನಾಯಿ ಎಲ್ಲ ಊರಾಚೆಯ ಹುಣಸೆ ತೋಪಿಗೆ ಹೋಗಿ, ಅಲ್ಲೇ ಒಲೆ ಹೂಡಿ, ಹೊತ್ತು ಮುಳುಗಿದ ಮೇಲೆ ಮರಳಬೇಕು. ಅಷ್ಟು ಹೊತ್ತು ಖಾಲಿ ಊರಿನಲ್ಲಿ ಮಾರಮ್ಮ ಓಡಾಡುತ್ತಾಳಂತೆ. ಒಂದು ಜೀವ ಒಳಗುಳಿದರೂ ಊರಿಗೆ ಕೇಡಂತೆ. ಯಾರೂ ಒಳಗೆ ಹೋಗದಂತೆ ಬೀದಿಯ ಬಾಯಿಗೆ ಮುಳ್ಳು ಎಳೆಯುತ್ತಾರೆ. ಚರಂಡಿ ಕಟ್ಟಿಕೊಂಡು ನಾರುವಾಗ ಒಬ್ಬನೂ ಸಲಿಕೆ ಮುಟ್ಟುವುದಿಲ್ಲ. ಮುಳ್ಳು ಎಳೆಯಲು ಮಾತ್ರ ನಾ ಮುಂದು, ತಾ ಮುಂದು.

ಹೋದ ವರ್ಷ ಹೊರಬೀಡು ಬಂದಾಗ ನಮ್ಮ ಚಿಕ್ಕಮ್ಮನ ರೇಷ್ಮೆಹುಳು ಇನ್ನೇನು ಗೂಡು ಕಟ್ಟುವುದರಲ್ಲಿದ್ದವು. ಆಗ ಅವು ತಿನ್ನುವುದೇ ತಿನ್ನುವುದು, ಹಿಪ್ಪುನೇರಳೆ ಸೊಪ್ಪು ತಪ್ಪಿಸುವಂತಿಲ್ಲ. ಚಿಕ್ಕಪ್ಪ ತೀರಿಕೊಂಡ ಮೇಲೆ ಅವಳೊಬ್ಬಳೇ ತೆಗೆಯುತ್ತಿದ್ದ ಮೊದಲ ಬೆಳೆ ಅದು. ಹುಳುಮನೆಯ ಬಾಗಿಲು ಹಾಕಿಕೊಂಡು ಒಳಗೇ ಇರುತ್ತೇನೆ ಎಂದು ಊರ ಯಜಮಾನನನ್ನು ಬೇಡಿಕೊಂಡಳು.

"ಆಗಲ್ಲ ಕಣಮ್ಮಾ. ಹುಳಾನೂ ಜೀವವೇ. ತಟ್ಟೆ ಸಮೇತ ತೋಪಿಗೆ ತಕ್ಕೊಂಡ್ ಬಾ," ಎಂದ ಆ ಮಹಾಜ್ಞಾನಿ.

ಬಯಲಿಗೆ ತಂದರೆ ಊಜಿ ನೊಣ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಬೆಳೆ ಕೆಡಿಸುತ್ತದೆಂದು ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತು. ಆದರೂ ಎಲ್ಲರೂ ಯಜಮಾನನ ಮಾತಿಗೇ ತಲೆಯಾಡಿಸಿದರು. ನಾನೂ ಅವಳೂ ಹುಳುವಿದ್ದ ಬಿದಿರು ತಟ್ಟೆಗಳನ್ನು ಹೊತ್ತು ತಂದು ಮರದಡಿ ಇಟ್ಟು, ಸೀರೆ ಹೊದಿಸಿ, ಟವೆಲ್ ಬೀಸುತ್ತಾ ನೊಣ ಓಡಿಸುತ್ತಾ ಕೂತೆವು. ಪಕ್ಕದಲ್ಲೇ ಊರಿನ ಗಂಡಸರು ಬಾಡೂಟ ಬಾರಿಸಿ ಇಸ್ಪೀಟು ಆಡುತ್ತಿದ್ದರು. ಥೂ, ಇವರೂ ದೊಡ್ಡ ಮನುಷ್ಯರು!

ಊಟವಾದ ಮೇಲೆ ಯಜಮಾನನಿಗೆ ಹುರುಪು ಬಂತು. ಕಳ್ಳರ ಭಯಕ್ಕೆ ಅವನು ಮನೆಯ ಒಳಗೂ ಹೊರಗೂ ಕ್ಯಾಮೆರಾ ಹಾಕಿಸಿದ್ದ. ಫೋನ್ ಎತ್ತಿ ಹಿಡಿದು, "ನೋಡ್ರಲಾ ಬೀದೀನ, ಒಂದು ನರಪಿಳ್ಳೆ ಇಲ್ಲ! ಅಮ್ಮ ಓಡಾಡ್ತಾವ್ಳೆ," ಎಂದು ಎಲ್ಲರಿಗೂ ತೋರಿಸತೊಡಗಿದ. ಬೆರಳು ಜಾರಿತು, ಬೀದಿ ಹೋಗಿ ಅವನದೇ ಹುಳುಮನೆ ಬಂತು. ಅಲ್ಲಿ ಬನಿಯನ್ ತೊಟ್ಟ ಒಬ್ಬ ಆರಾಮವಾಗಿ ಸೊಪ್ಪು ಹಾಕುತ್ತಿದ್ದ.

"ಅಯ್ಯೋ, ವೀಡು ಮನ ಪಿಲ್ಲೋಡೇ ಕದಾ!" ಎಂದಳು ಯಜಮಾನನ ಹೆಂಡತಿ. ಗಾಬರಿಯಾದರೆ ನಮ್ಮೂರಿನ ಬಾಯಿಗೆ ತೆಲುಗೇ ಬರುವುದು. ಹೌದು, ಅವರ ಮಗನೇ. ಮುಳಬಾಗಿಲಿಗೆ ಹೋಗಿದ್ದಾನೆಂದು ಯಜಮಾನ ಬೆಳಿಗ್ಗೆಯಿಂದ ಹೇಳುತ್ತಿದ್ದ. ಹೆಂಡತಿಗೂ ಅದನ್ನೇ ಹೇಳಿದ್ದನೆಂದು ಕಾಣುತ್ತದೆ.

ಚಿಕ್ಕಮ್ಮ ಎದ್ದಳು. "ನಿಮ್ ಮಗ ಒಳಗಿದ್ರೆ ಮಾರಮ್ಮ ಕಣ್ಣು ಮುಚ್ಕೊಂತಾಳಾ ಮಾವಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ತಟ್ಟೆ ತಲೆಯ ಮೇಲಿಟ್ಟುಕೊಂಡು ಮುಳ್ಳು ದಾಟಿ ನಡೆದಳು. ನಾನೂ ಹಿಂದೆಯೇ ಹೋದೆ. ತಡೆಯಲು ಯಾರಿಗೂ ಮುಖವಿರಲಿಲ್ಲ. ಆದರೆ ನೊಣ ಅಷ್ಟರಲ್ಲಿ ತನ್ನ ಕೆಲಸ ಮುಗಿಸಿತ್ತು. ಮುಂದಿನ ದಿನಗಳಲ್ಲಿ ಎಷ್ಟೋ ಹುಳು ಸತ್ತವು. ಉಳಿದವು ಕಟ್ಟಿದ ಗೂಡಿಗೆಲ್ಲ ನೊಣದ ಮರಿ ಕೊರೆದು ಹೊರಬಂದ ತೂತು.

ಮಾರುಕಟ್ಟೆಯಲ್ಲಿ ಯಾರೂ ಮೂಸದ ಆ ಗೂಡುಗಳನ್ನು ಅವಳು ಮಡಿಲಲ್ಲಿ ತುಂಬಿಕೊಂಡು ಬಂದು, ಅರಳಿಕಟ್ಟೆಯಲ್ಲಿ ಪಂಚಾಯ್ತಿಗೆ ಕೂತಿದ್ದ ಹಿರಿಯರ ಮುಂದೆ ಸುರಿದಳು. ಅವರು ಅದನ್ನು ನೋಡಿದರು, ಗಡ್ಡ ಕೆರೆದುಕೊಂಡರು, ಯಜಮಾನನ ಮುಖ ನೋಡಿದರು. ಕೊನೆಗೆ ಒಮ್ಮತದಿಂದ ತೀರ್ಮಾನ ಹೇಳಿದರು: ಇನ್ನು ಮೇಲೆ ಹೊರಬೀಡಿಗೆ ಯಾರೂ ಫೋನ್ ತರಕೂಡದು.