ಕರೆಂಟ್ ಆಫೀಸಿಗೆ ಹೋದ ಬಸ್ಸಿನ ಅರ್ಜಿ

ನಮ್ಮಕ್ಕ ಬಸ್ಸಿನ ದೂರು ತೆಗೆದುಕೊಂಡು ಕರೆಂಟ್ ಆಫೀಸಿಗೆ ಹೋದಳು.

ಹೌದು, ಸರಿಯಾಗಿಯೇ ಓದಿದಿರಿ. ದೂರು ಬಸ್ಸಿನದು, ಆಫೀಸು ಕರೆಂಟಿನದು. ಬಾಗಿಲಲ್ಲಿ ನಿಂತು ‘ಇದು ಆ ಆಫೀಸಲ್ಲ’ ಎಂದು ಅವಳ ಸೆರಗು ಜಗ್ಗಿದವಳು ನಾನು. (ಅಕ್ಕನನ್ನು ಸೆರಗು ಜಗ್ಗಿ ನಿಲ್ಲಿಸಬಹುದು ಅಂತ ಐವತ್ತು ದಾಟಿದ ಮೇಲೂ ನಂಬಿಕೊಂಡಿದ್ದೇನೆ ನೋಡಿ.)

ಮೊದಲಿಂದ ಹೇಳುತ್ತೇನೆ.

ಅಕ್ಕನ ಊರು ಸಂತೆಕಲ್ಲೂರು. ನಾನಿರುವುದು ಮಸ್ಕಿಯಲ್ಲಿ. ಭಾವನ ಕಿಡ್ನಿಗಳು ಕೈಕೊಟ್ಟು ಎರಡು ವರ್ಷವಾಯಿತು. ವಾರಕ್ಕೆರಡು ಸಲ ಲಿಂಗಸುಗೂರಿನಲ್ಲಿ ಡಯಾಲಿಸಿಸ್. ಬೆಳಿಗ್ಗೆ ಏಳಕ್ಕೆ ಅವರ ಸರದಿ. ತಡವಾದರೆ ಆ ಹಾಸಿಗೆ ಮುಂದಿನವರಿಗೆ ಹೋಗುತ್ತದೆ. ಆಮೇಲೆ ಯಾವಾಗ ಸಿಗುತ್ತದೋ, ಕಾಯಬೇಕು. ಕಾದಷ್ಟೂ ಮುಖ ಊದಿಕೊಳ್ಳುತ್ತದೆ, ಉಸಿರು ಭಾರವಾಗುತ್ತದೆ. ಒಂದು ಸಲ ಹಾಗಾಗಿದೆ. ಎರಡನೇ ಸಲ ನೋಡುವ ಧೈರ್ಯ ನಮಗ್ಯಾರಿಗೂ ಇಲ್ಲ.

ಏಳಕ್ಕೆ ಅಲ್ಲಿರಬೇಕೆಂದರೆ ಇರುವುದು ಒಂದೇ ದಾರಿ. ವಸ್ತಿ ಬಸ್ಸು. ರಾತ್ರಿ ಊರಿಗೆ ಬಂದು, ಅಲ್ಲೇ ತಂಗಿ, ಬೆಳಿಗ್ಗೆ ಐದೂವರೆಗೆ ಹೊರಡುವ ಬಸ್ಸು. ಶೇರ್ ಆಟೋಗಳಿವೆ, ಆದರೆ ಅವು ತುಂಬಿದ ಮೇಲೆ ಹೊರಡುವ ಪೈಕಿ. ಎಂಟಕ್ಕಿಂತ ಮೊದಲು ಯಾವುದೂ ತುಂಬುವುದಿಲ್ಲ.

ಬಸ್ಸಿನ ಡ್ರೈವರ್ ಹನುಮಂತಣ್ಣನಿಗೂ ಕಂಡಕ್ಟರಿಗೂ ಅಕ್ಕನ ಮನೆಯ ರೊಟ್ಟಿ ಹೊಸದಲ್ಲ. ಪಂಚಾಯ್ತಿ ಕೋಣೆಯಲ್ಲಿ ಮಲಗುತ್ತಾರೆ. ಅದಕ್ಕೆ ಮೊದಲು ಅಕ್ಕನ ಮನೆಯ ಕಟ್ಟೆಯ ಮೇಲೆ ತಮ್ಮ ಡಬ್ಬಿ ಬಿಚ್ಚುತ್ತಾರೆ. ಅಕ್ಕ ಪುಂಡಿಪಲ್ಯ ತಂದು ಹಾಕುತ್ತಾಳೆ. ನಾನು ಅಲ್ಲಿಗೆ ಹೋಗಿದ್ದ ಒಂದು ರಾತ್ರಿ ಹನುಮಂತಣ್ಣ ರೊಟ್ಟಿ ಮುರಿಯುತ್ತಲೇ ಸುದ್ದಿ ಹೇಳಿದ. ಲಿಂಗಸುಗೂರು, ಮಸ್ಕಿ, ಸಿಂಧನೂರು ರಸ್ತೆಗೆ ಎಲೆಕ್ಟ್ರಿಕ್ ಬಸ್ ಬರುತ್ತವಂತೆ. ಸದ್ದಿಲ್ಲ, ಹೊಗೆಯಿಲ್ಲ, ಗೇರಿಲ್ಲ. ನಮಗೆಲ್ಲ ಖುಷಿ. ಭಾವ ಮಾತ್ರ ಅವನ ಮುಖ ನೋಡುತ್ತಿದ್ದರು.

‘ಮತ್ತ ನಮ್ಮ ವಸ್ತಿ?’ ಎಂದರು.

‘ಅದೇ ಡೌಟ್ ಐತ್ರಿ ಯಜಮಾನ್ರ. ಅವು ರಾತ್ರಿ ಡಿಪೋದಾಗ ಚಾರ್ಜ್ ಆಗಬೇಕಂತ. ಹಳ್ಯಾಗ ಮಲಗಿದ್ರ ಮುಂಜಾನೆ ಏಳಂಗಿಲ್ಲ.’

ಹನುಮಂತಣ್ಣನ ಮಾತಿಗೆ ಕಂಡಕ್ಟರ್ ನಕ್ಕ. ಬೇರೆ ಯಾರೂ ನಗಲಿಲ್ಲ. ಅಕ್ಕ ಪಲ್ಯದ ಪಾತ್ರೆ ಒಳಗಿಟ್ಟು ಬಂದಳು.

ಮರುದಿನ ಡಯಾಲಿಸಿಸ್. ಭಾವ ಮಷೀನಿಗೆ ಹತ್ತಿದರೆ ನಾಲ್ಕು ತಾಸು. ಹೊರಗೆ ಬೆಂಚಿನ ಮೇಲೆ ನಾವಿಬ್ಬರು. ಹತ್ತು ಗಂಟೆಗೆ ಅಕ್ಕ ಎದ್ದಳು. ಡಿಪೋಕ್ಕೆ ಹೋಗುತ್ತಾಳೆ ಅಂದುಕೊಂಡು ನಾನೂ ಎದ್ದೆ. ಅವಳು ಕರೆಂಟ್ ಆಫೀಸಿನ ಕಡೆ ತಿರುಗಿದಳು. ಅವಳ ಲೆಕ್ಕ ಹೀಗಿತ್ತು. ಬಸ್ಸು ಡಿಪೋದಲ್ಲಿ ಯಾಕೆ ಮಲಗಬೇಕು? ಅಲ್ಲಿ ಕರೆಂಟ್ ಇದೆ ಅಂತ. ಕರೆಂಟ್ ಯಾರದು? ಕರೆಂಟಿನವರದು. ಅಂದಮೇಲೆ ಕೇಳಬೇಕಾದದ್ದು ಯಾರನ್ನು?

ಮೊದಲ ಮೇಜಿನವನು ಡಿಪೋ ದಾರಿ ತೋರಿಸಿದ. ಇಲ್ಲಿ ಮೀಟರಿನ ಸುದ್ದಿ ಇದ್ದರಷ್ಟೇ ಹೇಳಬೇಕಂತೆ.

‘ಮೀಟರ್ ಸುದ್ದಿ ಅಲ್ಲ ತಮ್ಮಾ,’ ಎಂದಳು ಅಕ್ಕ. ‘ನಮ್ಮ ಯಜಮಾನ್ರ ಸುದ್ದಿ.’

ಒಳಗಿನ ಕೋಣೆಯಿಂದ ಒಬ್ಬಳು ಹೆಣ್ಣುಮಗಳು ತಲೆ ಎತ್ತಿದಳು. ಇಂಜಿನಿಯರ್ ರೇಣುಕಾ. ಮೂವತ್ತೈದರ ಆಸುಪಾಸು. ಕರೆದು ಕೂರಿಸಿದಳು. ಅಕ್ಕ ಎಲ್ಲಾ ಹೇಳಿದಳು. ಆಮೇಲೆ ನಡೆದದ್ದು ನಾನು ನಿರೀಕ್ಷಿಸಿದ್ದಲ್ಲ. ಆಕೆ ಫೈಲೊಂದನ್ನು ತೆರೆದು ನಮ್ಮ ಮುಂದಿಟ್ಟಳು. ಡಿಪೋದಿಂದ ಬಂದ ಅರ್ಜಿ. ಬಸ್ ಚಾರ್ಜ್ ಮಾಡಲು ಇಷ್ಟು ಕರೆಂಟ್ ಬೇಕು ಅಂತ ಒಂದೇ ಸಾಲು, ಕೆಳಗೆ ಸಹಿ, ಸೀಲು. ಅದರ ಮುಂದೆ ಕೂತು ಆಕೆ ಹದಿನೈದು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದಳಂತೆ. ಬಸ್ಸುಗಳೆಲ್ಲ ಸಂಜೆ ಡಿಪೋಕ್ಕೆ ಬಂದು ಒಟ್ಟಿಗೇ ಪ್ಲಗ್ ಹಾಕಿಕೊಂಡರೆ? ಊರಿನ ಮನೆಮನೆಯಲ್ಲಿ ಲೈಟು, ಟೀವಿ, ಫ್ಯಾನು ನಡೆಯುವ ಹೊತ್ತೂ ಅದೇ. ಆಗ ಹೊಸ ಲೈನು ಎಳೆಯಬೇಕು, ದೊಡ್ಡ ಟ್ರಾನ್ಸ್‌ಫಾರ್ಮರ್ ಕೂರಿಸಬೇಕು. ಬಸ್ಸು ಬಂದು ನಿಂತರೂ ಕರೆಂಟು ಬಂದಿರುವುದಿಲ್ಲ.

ಮದುವೆ ಮನೆಯಲ್ಲಿ ಎಲ್ಲರೂ ಒಂದೇ ಸಲಕ್ಕೆ ಜಳಕಕ್ಕೆ ನಿಂತರೆ ಏನು ಮಾಡುತ್ತೀರಿ? ದೊಡ್ಡ ಹಂಡೆ ತರಲು ಪೇಟೆಗೆ ಓಡುತ್ತೀರೋ, ಸರದಿ ಹಚ್ಚುತ್ತೀರೋ?

ಸರದಿ ಹಚ್ಚುವುದು ಆಕೆಗೆ ಗೊತ್ತಿತ್ತು. ಹಿಂದೆ ಸಿಂಧನೂರಿನಲ್ಲಿದ್ದಾಗ ರೈಸ್ ಮಿಲ್ಲುಗಳವರನ್ನು ಕೂರಿಸಿಕೊಂಡು ಯಾರು ಯಾವ ಹೊತ್ತಿಗೆ ಮಿಲ್ಲು ಓಡಿಸಬೇಕು ಅಂತ ಹೊಂದಿಸಿದವಳು. ಆದರೆ ಬಸ್ಸುಗಳ ಹೊತ್ತು ಆಕೆಗೆ ಗೊತ್ತಿರಲಿಲ್ಲ. ಅರ್ಜಿಯಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ!

‘ನಿಮ್ಮೂರಿಗೆ ಬಸ್ ಎಷ್ಟೊತ್ತಿಗೆ ಬರ್ತೈತ್ರಿ ಅಮ್ಮಾ?’

‘ರಾತ್ರಿ ಎಂಟೂಕಾಲಿಗೆ. ಶನಿವಾರ ಸ್ವಲ್ಪ ತಡ. ಐದೂವರಿಗೆ ಬಿಡ್ತೈತಿ.’

‘ನಡುವ ಏನ್ ಮಾಡ್ತೈತಿ?’

‘ಏನ್ ಮಾಡ್ತೈತಿ? ನಾಯಿ ಅದರ ಕೆಳಗ ಮಲಗತಾವ.’

ಆಕೆ ಆ ಅರ್ಜಿಯ ಬೆನ್ನಿಗೇ ಬರೆದುಕೊಂಡಳು. ಒಂಬತ್ತು ತಾಸು ಸುಮ್ಮನೆ. ಆಮೇಲೆ ತನಗೆ ತಾನೇ ಎಂಬಂತೆ, ನಿಮ್ಮೂರ ಪಕ್ಕದಲ್ಲೇ ನಮ್ಮ ಸಬ್‌ಸ್ಟೇಷನ್ ಇದೆಯಲ್ಲ ಎಂದಳು.

ನನಗೆ ಹೊಳೆದದ್ದು ಆಗ. ಕರೆಂಟ್ ಕಂಪನಿ ಅಂದರೆ ನಮಗೇನು? ಬಿಲ್ಲು, ಫ್ಯೂಸು, ಮಳೆ ಬಂದಾಗ ಫೋನ್ ಎತ್ತದ ಲೈನ್‌ಮನ್. ಬಸ್ಸಿಗೂ ಅವರಿಗೂ ಏನು ಸಂಬಂಧ? ಡೀಸೆಲ್ ಕಾಲದಲ್ಲಿ ಏನೂ ಇರಲಿಲ್ಲ. ಟ್ಯಾಂಕು ಹತ್ತು ನಿಮಿಷದಲ್ಲಿ ತುಂಬುತ್ತದೆ, ಬಂಕಿನವನಿಗೆ ಬಸ್ಸಿನ ಟೈಮ್ ಕಟ್ಟಿಕೊಂಡು ಏನಾಗಬೇಕು? ಬ್ಯಾಟರಿ ಹಾಗಲ್ಲ. ನಿಧಾನವಾಗಿ, ತಾಸುಗಟ್ಟಲೆ ತುಂಬುತ್ತದೆ. ಹಾಗಾಗಿ ಇನ್ನು ಮುಂದೆ ಬಸ್ಸು ಎಲ್ಲಿ, ಎಷ್ಟೊತ್ತು ಮಲಗುತ್ತದೆ ಅಂತ ಕರೆಂಟಿನವರಿಗೆ ಗೊತ್ತಿರಬೇಕು. ಮೀಟರ್ ಹಚ್ಚಿ ಕೈತೊಳೆದುಕೊಂಡರೆ ಆಗುವುದಿಲ್ಲ.

ಮುಂದಿನ ವಾರ ರೇಣುಕಾಳ ಜೀಪು ಸಂತೆಕಲ್ಲೂರಿಗೆ ಬಂತು. ಕರೆಂಟಿನವರ ಜೀಪು ಅಂದರೆ ಊರು ಏನು ತಿಳಿಯುತ್ತದೆ? ರೇಡು! ಎದುರು ಮನೆಯವರ ನೀರು ಕಾಯಿಸುವ ಹೀಟರ್ ಜೋಳದ ಚೀಲದ ಹಿಂದೆ ಹೋಯಿತು. ಎಲ್ಲಿಂದಲೋ ಎಲ್ಲಿಗೋ ಹೋಗಿದ್ದ ಒಂದು ವೈರು ಕಣ್ಣೆದುರೇ ಮಾಯವಾಯಿತು. ಜೀಪಿನಿಂದ ಇನ್ನೊಬ್ಬರೂ ಇಳಿದರು, ಡಿಪೋ ಮ್ಯಾನೇಜರ್. ಇಬ್ಬರ ಆಫೀಸು ಒಂದೇ ರಸ್ತೆಯಲ್ಲಿ, ನಡುವೆ ಇರುವುದು ಒಂದು ಮಿರ್ಚಿ ಭಜಿ ಅಂಗಡಿ. ಆದರೂ ಅವರು ಕೂತು ಮಾತಾಡಿದ್ದು ಅದೇ ವಾರ ಮೊದಲಂತೆ. ಅಲ್ಲಿಯವರೆಗೆ ಬರೀ ಪತ್ರ.

ಎಲ್ಲರೂ ಸಬ್‌ಸ್ಟೇಷನ್ನಿಗೆ ನಡೆದೆವು. ಊರು ದಾಟಿದರೆ ಸಿಗುತ್ತದೆ. ಹಗಲು ಪಂಪ್‌ಸೆಟ್ಟುಗಳಿಗೆ ಕರೆಂಟ್ ಕೊಡುತ್ತದೆ, ರಾತ್ರಿ ಅದರ ಮೇಲಿನ ಭಾರ ಇಳಿಯುತ್ತದೆ ಎಂದು ಆಪರೇಟರ್ ರಿಜಿಸ್ಟರ್ ತೋರಿಸಿದ. ಬೇಲಿಯ ಒಳಗೆ ಬಸ್ಸು ಬಿಡುವ ಹಾಗಿಲ್ಲ, ಅಪಾಯ. ಬೇಲಿಯ ಹೊರಗೆ ರಸ್ತೆಗೆ ಹೊಂದಿ ಕಂಪನಿಯದೇ ಖಾಲಿ ಜಾಗವಿತ್ತು, ಜಾಲಿ ಬೆಳೆದಿತ್ತು. ಮ್ಯಾನೇಜರ್ ಕರೆಸಿಕೊಂಡಿದ್ದ ಹನುಮಂತಣ್ಣ ಹೆಜ್ಜೆ ಹಾಕಿ ಅಳೆದ. ಬಸ್ಸು ತಿರುಗುತ್ತದೆ ಎಂದ. ಅಲ್ಲೊಂದು ಸಣ್ಣ ಚಾರ್ಜರ್ ಸಾಕು ಎಂದಳು ರೇಣುಕಾ. ಒಂಬತ್ತು ತಾಸು ಕೈಯಲ್ಲಿರುವಾಗ ಅವಸರದ ದೊಡ್ಡ ಮಷೀನ್ ಯಾಕೆ? ಇತ್ತ ಒಂದು ಬಸ್ಸು ಹಳ್ಳಿಯಲ್ಲಿ ಉಂಡರೆ ಅತ್ತ ಡಿಪೋದ ಸಾಲಿನಲ್ಲಿ ಒಂದು ಕಡಿಮೆ. ಬಳಗಾನೂರು, ತುರ್ವಿಹಾಳದ ಕಡೆಗೂ ಇದೇ ರೀತಿ ನೋಡಬಹುದು ಎಂದು ಮ್ಯಾನೇಜರ್ ತಾವಾಗಿಯೇ ಹೇಳಿದರು.

ಎಲ್ಲರ ಮುಖದಲ್ಲೂ ನಗು. ಭಾವ ಅಲ್ಲೇ ಕಲ್ಲಿನ ಮೇಲೆ ಕೂತಿದ್ದರು. ಮೆಲ್ಲಗೆ ಕೇಳಿದರು.

‘ಮೇಡಮ್ಮೋರ, ನಾ ಮಲಗೋ ಮಷೀನಿಗೆ ಕರೆಂಟ್ ಹೋದ್ರ ಜನರೇಟರ್ ಐತ್ರಿ. ಈ ಬಸ್ಸಿಗೆ ರಾತ್ರಿಯೆಲ್ಲಾ ಕರೆಂಟ್ ಹೋದ್ರ?’

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೇಗಿರುತ್ತದೆ ಅಂತ ಅಲ್ಲಿದ್ದವರಿಗೆಲ್ಲ ಗೊತ್ತು. ‘ಹೋಗೋದೇ ಇಲ್ಲ’ ಅಂತ ಆಕೆ ಅನ್ನಬಹುದಿತ್ತು. ಅನ್ನಲಿಲ್ಲ. ಹೋಗುತ್ತದೆ ಎಂದಳು. ಇನ್ನೊಂದು ಲೈನಿನಿಂದಲೂ ಜೋಡಿಸುತ್ತೇವೆ, ಆದರೂ ಒಂದು ದಿನ ಹೋಗಬಹುದು ಎಂದಳು. ಆಮೇಲೆ ಮ್ಯಾನೇಜರ್ ಕಡೆ ತಿರುಗಿದಳು. ಇಬ್ಬರೂ ಜೀಪಿನ ಬಾನೆಟ್ ಮೇಲೆ ಕಾಗದವಿಟ್ಟು ಬಹಳ ಹೊತ್ತು ಮಾತಾಡಿದರು. ಕೊನೆಗೆ ಮ್ಯಾನೇಜರ್ ಬಂದು ಭಾವನ ಮುಂದೆ ಕುಕ್ಕರಗಾಲಲ್ಲಿ ಕೂತರು.

‘ಬರಬೇಕಾದ್ರನ ಬಸ್ಸು ಲಿಂಗಸುಗೂರಿಗೆ ವಾಪಸ್ ಹೋಗುವಷ್ಟು ಚಾರ್ಜ್ ಇಟಗೊಂಡೇ ಬರ್ತೈತ್ರಿ. ರಾತ್ರಿ ಒಂದು ಯೂನಿಟ್ ಸಿಗಲಿಲ್ಲಂದ್ರೂ ನೀವು ಏಳಕ್ಕ ಅಲ್ಲಿರ್ತೀರಿ. ಡ್ಯೂಟಿ ಚಾರ್ಟಿನ್ಯಾಗ ಬರೆಸ್ತೀನಿ.’

ಭಾವ ಅಕ್ಕನ ಕಡೆ ನೋಡಿದರು. ಅಕ್ಕ, ಬರೆಸಿದ ಮೇಲೆ ನನಗೊಂದು ಜೆರಾಕ್ಸ್ ಕೊಡಿ ಎಂದಳು. (ಕೊಟ್ಟಿದ್ದಾರೆ. ಈಗ ಅದು ಆಸ್ಪತ್ರೆ ಫೈಲಿನಲ್ಲಿದೆ.)

ಎಲೆಕ್ಟ್ರಿಕ್ ಬಸ್ಸು ಇನ್ನೂ ಬಂದಿಲ್ಲ. ಜಾಲಿ ಕಡಿದಿದ್ದಾರೆ. ಚಾರ್ಜರಿಗೆ ಸಿಮೆಂಟಿನ ಕಟ್ಟೆ ಹಾಕಿದ್ದಾರೆ, ಅದಕ್ಕೆ ನೀರುಣಿಸುವ ಕೆಲಸ ಆಪರೇಟರನದು. ಹೊಸ ಬಸ್ಸಿನ ಪಟ್ಟಿಯಲ್ಲಿ ಸಂತೆಕಲ್ಲೂರಿನ ಎದುರು ‘ವಸ್ತಿ’ ಅಂತಲೇ ಇದೆ, ನಾನೇ ಡಿಪೋದಲ್ಲಿ ಓದಿ ಬಂದೆ. ಅಲ್ಲಿಯವರೆಗೆ ಹನುಮಂತಣ್ಣನ ಡೀಸೆಲ್ ಬಸ್ಸು ಬರುತ್ತದೆ. ಮೊನ್ನೆ ಐದೂವರೆಗೆ ಅದರಲ್ಲಿ ಭಾವನ ಪಕ್ಕ ಕೂತು ಎಣಿಸಿದೆ. ನರ್ಸಿಂಗ್ ಓದುವ ಹುಡುಗಿಯರು ಇಬ್ಬರು. ಕೋರ್ಟಿಗೆ ಹೊರಟವರು ಮೂವರು. ಮೊದಲ ಹೆರಿಗೆಗೆ ತವರಿಗೆ ಹೊರಟ ಒಬ್ಬಳು ಬಸುರಿ. ಇವರ್ಯಾರ ಹೆಸರೂ ಕಿಲೋವ್ಯಾಟ್ ಬರೆದ ಆ ಒಂದು ಸಾಲಿನ ಅರ್ಜಿಯಲ್ಲಿ ಇರಲಿಲ್ಲ.

ನಿಮ್ಮೂರಿನ ಮೊದಲ ಬಸ್ಸಿನಲ್ಲಿ ಯಾರು ಯಾರು ಹೋಗುತ್ತಾರೆಂದು ನಿಮ್ಮ ಕರೆಂಟ್ ಆಫೀಸಿಗೆ ಯಾರಾದರೂ ಹೋಗಿ ಹೇಳಿದ್ದೀರಾ?