ಗೌರಿಗೆ ಒಂದು ಹಿಡಿ ಜೋಳ

ಸ್ಕೂಟರಿನ ಮುಂದೆ ಬುಟ್ಟಿ. ಬುಟ್ಟಿಯಲ್ಲಿ ಗೌರಿ. ಅವಳನ್ನು ನಾನು ಪೋಸ್ಟ್‌ಮಾರ್ಟಮ್‌ಗೆ ಕರೆದೊಯ್ಯುತ್ತಿದ್ದೆ. ಅವಳಿನ್ನೂ ಬದುಕಿದ್ದಳು.

(ಗಾಬರಿಯಾಗಬೇಡಿ, ಗೌರಿ ಕೋಳಿ. ಗಾಬರಿಯಾಗುವುದು ನನ್ನ ಡಿಪಾರ್ಟ್‌ಮೆಂಟ್, ನಿಮಗೆ ಗೊತ್ತೇ ಇದೆ.)

ಅಕ್ಕ ಇರುವುದು ಇಲ್ಲೇ, ಮರಾಠಿ ಸೀಮೆಯ ದೇಹೂ ರೋಡಿನಲ್ಲಿ. ಭಾವ ಹೋದ ಮೇಲೆ ಅವಳಿಗೆ ಮಾತಿಗೆ ಸಿಗುವುದು ಹಿತ್ತಲಿನ ಕೋಳಿಗಳು ಮಾತ್ರ. ಒಂದೊಂದಕ್ಕೂ ಹೆಸರು. ಹೋದ ವಾರ ಎಸ್‌ಟಿಡಿ ಬೂತಿನಿಂದ ಫೋನ್. "ಒಂದರ ಹಿಂದ ಒಂದು ಸಾಯಾಕತ್ಯಾವೋ. ಏನರ ಮಾಡು."

ಸತ್ತ ಎರಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಕ್ಯಾಂಪ್ ಪೇಟೆಯಲ್ಲಿರುವ, ನಮ್ಮ ಧಾರವಾಡ ಕಡೆಯ ದನದ ಡಾಕ್ಟರ ಬಳಿ ಓಡಿದೆ. ಚೀಲ ಬಿಚ್ಚುತ್ತಲೇ ಅವರು ಮೂಗು ಮುಚ್ಚಿಕೊಂಡರು.

"ಇವು ಕೊಳತಾವ್ರಿ. ಲ್ಯಾಬಿನವ್ರು ಮುಟ್ಟೂದಿಲ್ಲ. ಬರ್ಫದಾಗ ಇಟ್ಟು ತರಬೇಕಿತ್ತು."

"ಫ್ರೀಝರ್‌ನಲ್ಲಿ ಇಟ್ಟಿದ್ದರೆ?"

"ಇನ್ನೂ ಚೊಲೋ ಆತು! ಕಲ್ಲಾದ್ರ ಒಳಗಿಂದೆಲ್ಲಾ ಹಾಳು, ಏನೂ ತಿಳಿಯೂದಿಲ್ಲ." ಚೀಲದ ಬಾಯಿ ಮತ್ತೆ ಕಟ್ಟುತ್ತ ಹೇಳಿದರು. "ಖರೇ ಹೇಳಬೇಕಂದ್ರ, ಜಡ್ಡಾಗಿ ಜೀವ ಇರೋದೇ ಒಂದು ಕೊಡ್ರಿ. ಅಲ್ಲೇ ನೋವಾಗದಂಗ ಮುಗಿಸಿ ತಕ್ಷಣ ಕೊಯ್ದು ನೋಡ್ತಾರ. ರೋಗ ಗೊತ್ತಾದ್ರ ಉಳಿದವು ಉಳೀತಾವ. ನಾ ಚೀಟಿ ಬರದು ಕೊಡ್ತೀನಿ."

ಇದನ್ನು ಅಕ್ಕನಿಗೆ ಹೇಗೆ ಹೇಳುವುದು? ಹೇಳಿದೆ.

"ಅಂದ್ರ ನಾನೇ ಆರಿಸಿ ಕೊಡಬೇಕೇನು?"

ನಾನು ಅಂಗಳದ ನಲ್ಲಿಯನ್ನು ನೋಡುತ್ತ ನಿಂತೆ. (ಕಷ್ಟ ಬಂದಾಗ ನನಗೆ ನಲ್ಲಿ ಬಹಳ ಆಸಕ್ತಿಯ ವಸ್ತು.) ಅಕ್ಕ ಹಿತ್ತಲಿಗೆ ಹೋಗಿ ಗೌರಿಯನ್ನು ಎತ್ತಿಕೊಂಡು ಬಂದಳು. ಜುಟ್ಟು ಕಪ್ಪಾಗಿತ್ತು, ಕಣ್ಣು ಮುಚ್ಚಿತ್ತು, ಕತ್ತು ರೆಕ್ಕೆಯೊಳಗೆ ಇಳಿದಿತ್ತು. ನೀರನ್ನೂ ಮುಟ್ಟಿರಲಿಲ್ಲವಂತೆ. ಆದರೂ ಬುಟ್ಟಿಯಲ್ಲಿ ಒಂದು ಹಿಡಿ ಜೋಳ ಹಾಕಿದಳು.

"ಹಾದ್ಯಾಗ ಹಸದ್ರ ತಿಂತಾಳ."

ಯೆರವಡಾದ ಸಿಗ್ನಲ್‌ನಲ್ಲಿ ನಿಂತಿದ್ದೆ. ಬುಟ್ಟಿಯೊಳಗೆ ಟಕ್ ಟಕ್ ಸದ್ದು. ಬಗ್ಗಿ ನೋಡಿದರೆ ಗೌರಿ ಕತ್ತೆತ್ತಿ ಜೋಳ ಕುಕ್ಕುತ್ತಿದ್ದಳು!

ಹುಷಾರಾಗುತ್ತಿದ್ದಾಳೆಯೇ? ವಾಪಸ್ ತಿರುಗಿಸಲೇ? ಹಾಗಾದರೆ ಉಳಿದವುಗಳ ಗತಿ? ಹಸಿರು ದೀಪ ಬಂತು. ಹಿಂದಿನ ರಿಕ್ಷಾದವನು ಮರಾಠಿಯಲ್ಲಿ ನನ್ನ ವಂಶವನ್ನು ವಿಚಾರಿಸಿದ. ಮುಂದಕ್ಕೇ ಹೋದೆ.

ಲ್ಯಾಬಿನಲ್ಲಿ ಚೀಟಿ ಓದಿದವನು ಕೇಳಿದ, "ಕಾಹೀ ಖಾತೇ ಕಾ?" ಏನಾದರೂ ತಿನ್ನುತ್ತದೆಯೇ ಎಂದು.

"ಥೋಡಾ," ಎಂದೆ. ಸ್ವಲ್ಪ. ಅವನು ಬರೆದುಕೊಂಡ. ಬುಟ್ಟಿ ಒಳಗೆ ಹೋಯಿತು. ಖಾಲಿಯಾಗಿ ಹೊರಗೆ ಬಂತು.

ಕೋಳಿಗಳ ಕಾಲರಾ ಅಂತೆ. ನೀರಿನಲ್ಲಿ ಬೆರೆಸಲು ಔಷಧಿ ಕೊಟ್ಟರು. ಉಳಿದವು ಈಗ ಹಿತ್ತಲು ಕೆದರುತ್ತಿವೆ. ಡಾಕ್ಟರು ಖುಷಿಯಾಗಿದ್ದಾರೆ. ನಿನ್ನೆ ಅಕ್ಕ ಅವಕ್ಕೆ ನೀರಿಡುತ್ತ, ನನ್ನ ಕಡೆ ನೋಡದೆಯೇ ಕೇಳಿದಳು.

"ಗೌರಿ ಜ್ವಾಳ ತಿಂದಳೇನೋ?"

"ಇಲ್ಲಕ್ಕ, ಮುಟ್ಟಲೇ ಇಲ್ಲ."

ತಿಂದಳು ಎಂದಿದ್ದರೆ, ಆ ಔಷಧಿಯ ನೀರನ್ನು ಅಕ್ಕ ಯಾವ ಕೈಯಿಂದ ಇಡಬೇಕಿತ್ತು, ಹೇಳಿ?